ಮೊದಲ ನೊರೆ

ಫೆಬ್ರವರಿ 19

ಚೂಟಿ,

ನಾವೆಲ್ಲ ಚೆನ್ನಾಗಿದ್ದೇವೆ ಅಂತ ಶುರುಮಾಡಲು ಹೋದೆ. ಆ ಸಾಲನ್ನು ಎರಡು ಸಲ ಬರೆದು ಎರಡು ಸಲವೂ ಹೊಡೆದು ಹಾಕಿದೆ. ಹನ್ನೊಂದು ವರ್ಷ ಉಸಿರೆತ್ತದ ಅತ್ತಿಗೆ ಈಗ ಯಾಕೆ ಬರೆಯುತ್ತಿದ್ದಾಳೆ ಅಂತ ನಿನಗೆ ಅನ್ನಿಸುತ್ತದೆ. ಹರಿದು ಒಲೆಗೆ ಹಾಕಬೇಕು ಅನ್ನಿಸಿದರೆ ಹಾಕು, ಆದರೆ ಓದಿ ಹಾಕು. ನಿನ್ನ ವಿಳಾಸ ಸಿಕ್ಕಿದ್ದು ನಿಮ್ಮಣ್ಣ ಹಸುಗಳಿಗೆ ಸೂಜಿ ಹಾಕಿಸಿದ ದಿನ ಬರೆದಿಡುವ ಪುಸ್ತಕದ ಕೊನೆಯ ಪುಟದಲ್ಲಿ. ಅದು ಅಲ್ಲಿಗೆ ಹೇಗೆ ಬಂತು ಅಂತ ನಾನು ಅವರನ್ನು ಕೇಳಿಲ್ಲ.

ನಿನ್ನೆ ಶಾಲೆಗೆ ಹೋಗಿದ್ದೆ. ಹೊಸದಾಗಿ ಬಂದಿರುವ ಹೆಡ್ ಮೇಡಂಗೆ ಮಕ್ಕಳಿಗೆಲ್ಲ ಬೆಳಗಿನ ಹೊತ್ತು ಒಂದೊಂದು ಲೋಟ ಸೋಯಾ ಹಾಲು ಕೊಡಬೇಕು ಅಂತ ಆಸೆ. ಹಳೆಯದು ಅವರಿಗೆ ಗೊತ್ತಿಲ್ಲ. ಆರು ಜನ ಹೆಂಗಸರನ್ನು ಕರೆಸಿದ್ದರು, ಹೇಳಿಕೊಡಲು ಪಕ್ಕದ ಊರಿನ ನರ್ಸಮ್ಮ ಬಂದಿದ್ದರು. ನೆನೆಸಿದ ಕಾಳು ರುಬ್ಬಿದೆವು, ಬಟ್ಟೆಯಲ್ಲಿ ಹಿಂಡಿದೆವು, ಒಲೆಗಿಟ್ಟೆವು. ನಾನು ಕಲಕುತ್ತಿದ್ದೆ. ನೊರೆ ಎದ್ದು ಅಂಚಿಗೆ ಬಂತು. ನಾನು "ಉಕ್ತು, ಉಕ್ತು!" ಅಂತ ಕೂಗಿ ಒಲೆ ಆರಿಸಲು ಕೈ ಹಾಕಿದೆ. ನರ್ಸಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು.

"ಆರಿಸ್ಬೇಡಿ! ಇದು ಹಸುವಿನ ಹಾಲಲ್ಲ ಕಣಮ್ಮ. ಇದು ಮೊದಲನೇ ನೊರೆ, ಬರೀ ಮೋಸ. ಒಳಗೆ ಇನ್ನೂ ಹಸಿ." ಶಾಖ ಅಳೆಯುವ ಕಡ್ಡಿ ಅದ್ದಿ ತೋರಿಸಿದರು. ಎಂಬತ್ತೆರಡು ಡಿಗ್ರಿ. "ನೊರೆ ಇಳಿದ ಮೇಲೆ ಇನ್ನೂ ಹದಿನೈದು ನಿಮಿಷ ಕುದೀಬೇಕು. ಈಗ ಇಳಿಸಿ ಕುಡಿಸಿದ್ರೆ ಮಧ್ಯಾಹ್ನದೊಳಗೆ ಮಕ್ಕಳೆಲ್ಲ ವಾಂತಿ ಮಾಡ್ಕೊಂಡು ಮಲಗ್ತಾರೆ."

ನಾನು ನೆಲದ ಮೇಲೆ ಕೂತುಬಿಟ್ಟೆ. ಬಿ.ಪಿ. ಇರಬೇಕು ಅಂತ ಯಾರೋ ನೀರು ಕೊಟ್ಟರು.

ಚೂಟಿ, ಹನ್ನೊಂದು ವರ್ಷದ ಹಿಂದೆ ಅವತ್ತು ನೀನು ಶಾಲೆಯ ಮಕ್ಕಳಿಗೆ ಅಂತ ಸೋಯಾ ಹಾಲು ಒಲೆಗಿಟ್ಟು, ಲೋಟಗಳನ್ನು ಜೋಡಿಸಲು ಶಾಲೆಗೆ ಮುಂಚೆಯೇ ಹೊರಟೆ. "ಅತ್ತಿಗೆ, ಹಂಡೆ ಸ್ವಲ್ಪ ನೋಡ್ಕೋ" ಅಂದೆ. ನಾನು ನೋಡಿಕೊಂಡೆ. ಉಕ್ಕಿತು, ಇಳಿಸಿದೆ, ಕ್ಯಾನಿಗೆ ತುಂಬಿಸಿ ಕಳಿಸಿದೆ. ಎಷ್ಟು ಬೇಗ ಆಯಿತು ಅಂತ ಹೆಮ್ಮೆ ಬೇರೆ. ಮೂವತ್ತೊಂದು ಮಕ್ಕಳು ಕಾಯಿಲೆ ಬಿದ್ದರು, ಇಬ್ಬರು ಹುಡುಗಿಯರು ಮೂರು ದಿನ ಆಸ್ಪತ್ರೆಯಲ್ಲಿದ್ದರು. ಹಂಡೆ ತೊಳೆದಿರಲಿಲ್ಲ, ಕೊಳಕು ಹಂಡೆಯಲ್ಲಿ ಕಾಯಿಸಿದಳು ಅಂತ ಊರೇ ನಮ್ಮ ಮನೆಯ ಗೇಟಿನ ಮುಂದೆ ನಿಂತು ನಿನ್ನನ್ನು ಉಗಿಯಿತು. ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ನಾನು. ನಿನ್ನ ಪೆಟ್ಟಿಗೆ ಹೊರಗಿಟ್ಟವಳೂ ನಾನೇ.

ಅದು ನಾನು ಮಾಡಿದ್ದು. ನೀನಲ್ಲ. ನಾನು.

ನಿನಗೆ ಗೊತ್ತಿತ್ತಾ? ಅದೊಂದು ಬರೆ.

ನಿನ್ನ ಅತ್ತಿಗೆ


ಮಾರ್ಚ್ 3

ಚೂಟಿ,

ಕಾಗದ ವಾಪಸು ಬಂದಿಲ್ಲ ಅಂದರೆ ನಿನಗೆ ತಲುಪಿದೆ. ದಿನಾ ಅಂಚೆಯವಳ ಸೈಕಲ್ಲಿಗೆ ಕಿವಿ ಕೊಟ್ಟು ಕೂರುತ್ತೇನೆ. ಅವಳು ಮೊದಮೊದಲು ತಲೆಯಾಡಿಸುತ್ತಿದ್ದಳು, ಈಗ ನಮ್ಮ ಮನೆ ಬಂದರೆ ಪೆಡಲು ಜೋರಾಗಿ ತುಳಿಯುತ್ತಾಳೆ.

ನಿಮ್ಮಣ್ಣನಿಗೆ ಹೇಳಿದೆ. ಬಾಯಿಗೆ ಹಾಕಲಿದ್ದ ತುತ್ತನ್ನು ತಟ್ಟೆಗೆ ವಾಪಸು ಹಾಕಿದರು. "ಹೋಗ್ಲಿ ಬಿಡು, ಹಳೇದು" ಅಂದವರೇ ಎದ್ದು ಕೊಟ್ಟಿಗೆಗೆ ಹೋದರು. ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಪಾಪ, ಎಷ್ಟು ಆಘಾತವಾಗಿರಬೇಡ ಅಂತ ನನಗೇ ಕರುಳು ಚುರ್ ಅಂತು.

ಇಲ್ಲಿ ಚಳಿ ಮುರಿದಿದೆ. ಹೊಲದ ಮಣ್ಣು ಸಡಿಲವಾಗಿದೆ, ಬೂಟು ಊರಿದರೆ ಕಿತ್ತುಕೊಳ್ಳಲು ಒದ್ದಾಡಬೇಕು. ಬೇಲಿಯ ಗಿಡಗಳಲ್ಲಿ ಮೊಗ್ಗು ಕಾಣಿಸುತ್ತಿದೆ. ಕೆಂಚಿ ಹಸು ಮೊನ್ನೆ ಕರು ಹಾಕಿತು. ಮುಂದಿನ ತಿಂಗಳಿನಿಂದ ಶಾಲೆಯ ಹಾಲು ಶುರು. ಒಲೆ ನಾನೇ ನೋಡಿಕೊಳ್ಳಬೇಕು ಅಂತ ಹೆಡ್ ಮೇಡಂ ಹಟ ಹಿಡಿದಿದ್ದಾರೆ. ಆಗಲ್ಲ ಅನ್ನಲು ಕಾರಣ ಹೇಳಬೇಕಲ್ಲ, ಅದಕ್ಕೆ ಹೂಂ ಅಂದು ಬಂದಿದ್ದೇನೆ. ದಿನಾ ಬೆಳಿಗ್ಗೆ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಕಾಳು ಸಿಪ್ಪೆ ಬಿಡುವ ತನಕ ನೆನೆಸುತ್ತೇನೆ, ರುಬ್ಬುತ್ತೇನೆ, ಹಿಂಡಿದ ಚರಟ ಹಸುಗಳಿಗೆ ಹಾಕುತ್ತೇನೆ. ನೊರೆ ಎದ್ದು ಇಳಿದ ಮೇಲೆ ಗಡಿಯಾರ ನೋಡಿ ಹದಿನೈದು ಅಲ್ಲ, ಇಪ್ಪತ್ತು ನಿಮಿಷ ಕುದಿಸುತ್ತೇನೆ. ನನ್ನ ಮಗಳು, ನಿನ್ನ ಸೋದರಸೊಸೆ, ಎರಡೆರಡು ಲೋಟ ಕುಡಿದು ಬಿಳಿ ಮೀಸೆ ಬಿಟ್ಟುಕೊಂಡು ಶಾಲೆಗೆ ಹೋಗುತ್ತಾಳೆ. ಅವಳಿಗೆ ಈಗ ಹತ್ತು ವರ್ಷ. ಅತ್ತೆ ಅಂತ ಒಬ್ಬಳಿದ್ದಾಳೆ ಅಂತ ಅವಳಿಗೆ ಗೊತ್ತು, ಎಲ್ಲಿದ್ದಾಳೆ ಅಂತ ಕೇಳಿದರೆ ಇಷ್ಟು ದಿನ ನಾನು ಗದರುತ್ತಿದ್ದೆ.

ಬೈದಾದರೂ ಬರೆ.

ಅತ್ತಿಗೆ


ಮಾರ್ಚ್ 12

ಅತ್ತಿಗೆಯವರಿಗೆ,

ನಿಮ್ಮ ಎರಡೂ ಕಾಗದ ಬಂದಿವೆ.

ಗೊತ್ತಿತ್ತು. ಅವತ್ತು ಮಧ್ಯಾಹ್ನವೇ ಗೊತ್ತಾಯಿತು. ಮಕ್ಕಳನ್ನು ಗಾಡಿಗೆ ಹತ್ತಿಸಿ ಮನೆಗೆ ಓಡಿಬಂದು ಮೊದಲು ನೋಡಿದ್ದು ಹಂಡೆಯನ್ನು. ಸೋಯಾ ಹಾಲು ಸರಿಯಾಗಿ ಕುದಿದರೆ ತಳ ಹಿಡಿಯದೆ ಬಿಡುವುದಿಲ್ಲ. ಅಮ್ಮನ ಕಾಲದಿಂದ ಆ ತಳ ಕೆರೆದು ಕೆರೆದು ನನ್ನ ಉಗುರು ಸವೆದಿತ್ತು. ಅವತ್ತು ಒಂದು ಚೊಂಬು ನೀರು ಹುಯ್ದದ್ದಕ್ಕೇ ತಳ ಫಳಫಳ ಅಂತು. ಊರವರು ಗೇಟಿನಲ್ಲಿ ನಿಂತು ಹಂಡೆ ಕೊಳಕು ಅನ್ನುತ್ತಿದ್ದಾಗ, ಆ ಹಂಡೆ ತನ್ನ ಜನ್ಮದಲ್ಲೇ ಅಷ್ಟು ಸ್ವಚ್ಛವಾಗಿರಲಿಲ್ಲ.

ತಪ್ಪು ನನ್ನದೂ ಇದೆ. ನೋಡಿಕೋ ಅಂದೆ, ಹೇಗೆ ಅಂತ ಹೇಳಲಿಲ್ಲ. ಹಸು ಕಟ್ಟಿದ ಮನೆಯಿಂದ ಬಂದವರು ನೀವು, ನಿಮಗೆ ಉಕ್ಕಿದ ಮೇಲೆ ಮುಗಿಯಿತು. ಅದು ನನಗೆ ಹೊಳೆಯಬೇಕಿತ್ತು.

ನೀವು ಆಗ ಐದು ತಿಂಗಳ ಬಸುರಿ. ಮುಂಚೆ ಎರಡು ಹೋಗಿದ್ದವು. ಆ ಜನ ನಿಮ್ಮ ಕಡೆ ತಿರುಗಿದ್ದರೆ ಮೂರನೆಯದೂ ಉಳಿಯುವುದಿಲ್ಲ ಅಂತ ನನಗೆ ಹೆದರಿಕೆಯಾಯಿತು. ಅದಕ್ಕೇ ಹೌದು, ಹಂಡೆ ತೊಳೆದಿರಲಿಲ್ಲ ಅಂದೆ. ನೀವು ಊರವರ ಮುಂದೆ "ನಿನ್ನ ಕೊಳಕು ಕೈ" ಅಂದದ್ದು ನನಗೆ ಅರ್ಥವಾಗುತ್ತದೆ. ಅವರೆಲ್ಲ ಹೋದ ಮೇಲೆ, ಒಳಗೆ ನಾವಿಬ್ಬರೇ ಇದ್ದಾಗ, ಇನ್ನೊಂದು ಸಲ ಅಂದಿರಲ್ಲ. ಅದು ಇವತ್ತಿಗೂ ಅರ್ಥವಾಗಿಲ್ಲ.

ನಾನಿಲ್ಲಿ ಒಂದು ದೊಡ್ಡ ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುತ್ತೇನೆ. ನಗು ಬಂದರೆ ನಗಿ, ನನಗೂ ಮೊದಲ ವಾರ ಬಂದಿತ್ತು. ದಿನಕ್ಕೆ ನಾನೂರು ತಟ್ಟೆ. ಇದುವರೆಗೆ ಯಾರಿಗೂ ಹೊಟ್ಟೆ ಕೆಟ್ಟಿಲ್ಲ.

ಅಣ್ಣನಿಗೆ ಹೇಳಬಾರದಿತ್ತು. ಅವನು ಮೆದು. ಹೆಂಡತಿಯೋ ತಂಗಿಯೋ ಅಂತ ಅವನು ನಡುವೆ ಸಿಕ್ಕಿಕೊಳ್ಳಬಾರದು ಅಂತಲೇ ಇಷ್ಟು ವರ್ಷ ಬಾಯಿ ಹೊಲಿದುಕೊಂಡಿದ್ದೆ. ಇನ್ನು ಯಾರಿಗೂ ಹೇಳಬೇಡಿ. ಹುಡುಗಿಗಂತೂ ಬೇಡವೇ ಬೇಡ.

ಇಂತಿ,
ನಿಮ್ಮ ನಾದಿನಿ


ಮಾರ್ಚ್ 24

ಚೂಟಿ,

ನನ್ನನ್ನು ಯಾವತ್ತು 'ನೀವು' ಅಂದಿದ್ದೆ ನೀನು? ಚುಚ್ಚಿತು. ಚುಚ್ಚಲಿ, ಬೇಕಾದ್ದೇ.

ಎರಡನೇ ಸಲ ಯಾಕೆ ಅಂದೆ ಅಂತ ಕೇಳಿದ್ದೀಯ. ಒಲೆ ಆರಿಸಿದ್ದು ನಾನು ಅಂತ ಒಳಗೆಲ್ಲೋ ಒಂದು ಹುಳ ಕೊರೆಯುತ್ತಿತ್ತು ಕಣೇ. ಅದು ಸಾಯಲಿ ಅಂತ ಗಟ್ಟಿಯಾಗಿ ಅಂದೆ.

ನಿನ್ನ ಮಾತು ನಾನು ಕೇಳಲಿಲ್ಲ. ಹೇಳಿಬಿಟ್ಟೆ. ಆದರೆ ನಾನೀಗ ಬರೆಯುತ್ತಿರುವುದು ಅದಲ್ಲ. ಇದನ್ನು ಕೂತು ಓದು.

ಶುಕ್ರವಾರ ಶಾಲೆಯಲ್ಲಿ ತಂದೆತಾಯಿಯರ ಸಭೆ. ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ದೊಡ್ಡವರೆಲ್ಲ ಮಂಡಿ ಮಡಿಸಿಕೊಂಡು ಕೂತಿದ್ದರು. ಹೆಡ್ ಮೇಡಂ ನನ್ನನ್ನು ಮುಂದೆ ಕರೆದು ಏಪ್ರನ್ ಕೊಡಲು ಬಂದರು. ಕೊಡುವ ಮುಂಚೆ ಇದನ್ನು ಕೇಳಿ ಅಂದೆ. ಎಲ್ಲ ಹೇಳಿದೆ. ಹಾಲು ಹಸಿಯಾಗಿ ಇಳಿಸಿದ್ದು ನಾನು, ಹಂಡೆ ಶುದ್ಧವಾಗಿತ್ತು, ನನ್ನ ನಾದಿನಿ ನನ್ನ ತಪ್ಪು ತಲೆಯ ಮೇಲೆ ಹಾಕಿಕೊಂಡು ಊರು ಬಿಟ್ಟಳು ಅಂದೆ. ಹೊಡೆದರೂ ಹೊಡೆಯಲಿ ಅಂತ ಕಣ್ಣು ಮುಚ್ಚಿಕೊಂಡು ನಿಂತೆ.

ಆಗ ಗಿರಣಿಯಮ್ಮನ ದನಿ ಕೇಳಿಸಿತು. ಅವತ್ತು ಜನರನ್ನು ನಮ್ಮ ಗೇಟಿಗೆ ಕರೆದುಕೊಂಡು ಬಂದವರು, ಅದೇ ಗಿರಣಿಯಮ್ಮ.

"ಅಯ್ಯೋ, ಅದಾ? ಅದು ಗೊತ್ತಿರೋದೇ ಅಲ್ವೇನಮ್ಮ!"

ಕಣ್ಣು ಬಿಟ್ಟೆ. ಅವರು ನಗುತ್ತಿದ್ದರು, ಚೂಟಿ. ಅಕ್ಕಪಕ್ಕದ ನಾಲ್ಕೈದು ಜನ ತಲೆಯಾಡಿಸುತ್ತಿದ್ದರು.

"ಹಾಲು ಹಸಿ ಇತ್ತು ಅಂತ ಆಸ್ಪತ್ರೆ ಕಾಂಪೌಂಡರ್ ಆ ವಾರವೇ ಹೇಳಿದ್ರಲ್ಲ."

"ಮತ್ತೆ ಒಬ್ರೂ ಬಾಯಿ ಬಿಡಲಿಲ್ಲ?" ಅಂದೆ.

"ಹುಡುಗಿ ಆಗ್ಲೇ ಬಸ್ಸು ಹತ್ತಿದ್ಲು. ಹೋದವಳ ವಿಷಯ ಯಾಕೆ ಕೆದಕೋದು ಅಂತ ಸುಮ್ನಾದ್ವಿ. ನೀನು ಬೇರೆ ಬಸುರಿ ಆಗಿದ್ದೆ."

ಕಾಂಪೌಂಡರಿಗೆ ಈಗ ಕಣ್ಣು ಮಂಜು. ಕೋಲೂರಿಕೊಂಡು ಎದ್ದು ನಿಂತರು. "ನಾನು ನಿಮ್ಮ ಯಜಮಾನ್ರಿಗೇ ಹೇಳಿದ್ದೆ ಕಣಮ್ಮ. ಮೂರನೇ ದಿನ. ಔಷಧಿ ತಗೊಳ್ಳೋಕೆ ಬಂದಿದ್ರು."

ತಿರುಗಿ ನೋಡಿದೆ. ನಿಮ್ಮಣ್ಣ ಕೊನೆಯ ಬೆಂಚಿನಲ್ಲಿ ಕೂತು ಕೈಯಲ್ಲಿದ್ದ ಟೋಪಿಯನ್ನು ತಿರುಗಿಸುತ್ತಿದ್ದರು. ತಲೆ ಎತ್ತಲಿಲ್ಲ.

ಸಭೆ ಮುಂದುವರಿಯಿತು. ಲೋಟ ಸ್ಟೀಲಿನದು ಬೇಕೋ ಪ್ಲಾಸ್ಟಿಕ್ಕಿನದು ಸಾಕೋ ಅಂತ ಮುಕ್ಕಾಲು ಗಂಟೆ ಜಗಳವಾಡಿದರು. ನಾನು ಏಪ್ರನ್ ಹಿಡಿದುಕೊಂಡು ಗರ ಬಡಿದವಳ ಹಾಗೆ ಅಲ್ಲೇ ನಿಂತಿದ್ದೆ.

ಮನೆಗೆ ಬಂದು ಅವರನ್ನು ಹಿಡಿದು ನಿಲ್ಲಿಸಿದೆ. "ಮಗು ಹುಟ್ಲಿ, ಆಮೇಲೆ ಹೇಳೋಣ ಅಂದ್ಕೊಂಡೆ" ಅಂದರು. "ಹುಟ್ಟಿದ ಮೇಲೆ ನೀನು ಬಾಣಂತಿ. ಆಮೇಲೆ..." ಆಮೇಲೇನು ಅಂದೆ. "ಆಮೇಲೆ ಹೇಗೆ ಹೇಳೋದು ಅಂತಾನೇ ಗೊತ್ತಾಗ್ಲಿಲ್ಲ ಕಣೆ." ಆಮೇಲೆ ಇನ್ನೊಂದು ಹೇಳಿದರು. ವರ್ಷ ವರ್ಷ ದನದ ಸಂತೆ ಅಂತ ಹೋಗುತ್ತಿದ್ದವರು ನಿನ್ನನ್ನು ನೋಡಲು ಬರುತ್ತಿದ್ದರಂತೆ. ಹಸು ತರದೆ ವಾಪಸು ಬಂದಾಗಲೆಲ್ಲ ನಿಮಗೆ ಚೌಕಾಸಿ ಬರಲ್ಲ ಅಂತ ನಾನು ಹಂಗಿಸುತ್ತಿದ್ದೆ.

ಹನ್ನೊಂದು ವರ್ಷ ನಾನು ನಿನ್ನನ್ನು ಬೈದಾಗಲೆಲ್ಲ ಈ ಮನುಷ್ಯ ಹೂಂ ಅನ್ನುತ್ತ ಕೂತಿದ್ದರಲ್ಲ! ಯಾರ ಜೊತೆ ಸಂಸಾರ ಮಾಡಿದೆ ನಾನು?

ನಿನ್ನ ಅತ್ತಿಗೆ


ಏಪ್ರಿಲ್ 1

ಅತ್ತಿಗೆ,

ನಿನ್ನ ಕಾಗದವನ್ನು ಕೆಲಸದ ನಡುವೆ ಓದಬಾರದಿತ್ತು. ಕೈಯಲ್ಲಿದ್ದ ತಟ್ಟೆಗಳ ರಾಶಿ ಕೆಳಗೆ ಬಿತ್ತು. ಏಳು ಒಡೆದವು. ಮೇಲ್ವಿಚಾರಕಿ ಓಡಿಬಂದು ನನ್ನ ಮುಖ ನೋಡಿ ಬೈಯದೆ ಹೋದಳು.

ಅವನು ಬರುತ್ತಿದ್ದದ್ದು ನಿಜ. ಚಳಿಗಾಲ ಮುಗಿಯುವ ಹೊತ್ತಿಗೆ, ವರ್ಷಕ್ಕೊಂದು ಸಲ. ಅಡುಗೆಮನೆಯ ಹಿಂಬಾಗಿಲಿನ ಬೆಂಚಿನಲ್ಲಿ ಕೂತು ನಾನು ಕೊಟ್ಟದ್ದು ತಿನ್ನುತ್ತಿದ್ದ. ನಿನ್ನ ವಿಷಯ, ಹುಡುಗಿಯ ವಿಷಯ ಹೇಳುತ್ತಿದ್ದ. ಇವನಿಗೆಲ್ಲಿ ಅನುಮಾನ ಬರುತ್ತದೋ ಅಂತ ನಾನು ಪ್ರತಿ ಸಲವೂ "ಹಂಡೆ ತೊಳೀದೆ ತಪ್ಪು ಮಾಡ್ಬಿಟ್ಟೆ ಕಣೋ ಅಣ್ಣ" ಅನ್ನುತ್ತಿದ್ದೆ. ಅವನು ನನ್ನ ತಲೆ ಸವರಿ "ಹೋಗ್ಲಿ ಬಿಡು, ಆಗಿದ್ದಾಯ್ತು" ಅನ್ನುತ್ತಿದ್ದ.

ನನ್ನನ್ನು ಕ್ಷಮಿಸುತ್ತಿದ್ದ, ಅತ್ತಿಗೆ! ಗೊತ್ತಿದ್ದೂ! ಹನ್ನೊಂದು ಸಲ!

ನನಗೆ ನಿನ್ನ ಮೇಲೆ ಸಿಟ್ಟಿತ್ತು, ಈಗ ಅದು ಎಲ್ಲಿ ಹೋಯಿತೋ ಗೊತ್ತಿಲ್ಲ. ಹುಡುಕಿದರೂ ಸಿಗುತ್ತಿಲ್ಲ. ನನಗೆ ತಡೆಯಲಾಗದಿರುವುದು ಬೇರೆ. ನಿನ್ನ ಹೊಟ್ಟೆಯಲ್ಲಿದ್ದ ಮಗುವಿಗಾಗಿ ನಾನೊಂದು ದೊಡ್ಡ ಗುಟ್ಟು ಕಾಯುತ್ತಿದ್ದೇನೆ ಅಂತ ಬೀಗಿಕೊಂಡಿದ್ದೆ. ತುಂಬ ಕಷ್ಟವಾದಾಗ ಅದನ್ನೇ ನೆನೆದು ಎದ್ದು ಕೂರುತ್ತಿದ್ದೆ. ನೋಡಿದರೆ ಆ ಗುಟ್ಟು ಊರಿನ ಗಿರಣಿಯಲ್ಲಿ ಹಿಟ್ಟಿನ ಜೊತೆ ಬೀಸಿ ಹೋಗಿತ್ತು. ಯಾರಾದರೊಬ್ಬರು ನನಗೊಂದು ಸಾಲು ಬರೆದಿದ್ದರೆ ಮರುವಾರವೇ ಮನೆಗೆ ಬರುತ್ತಿದ್ದೆ. ನನಗೆ ಇಪ್ಪತ್ತಾರು ವರ್ಷ ಆಗ.

ಬರುವ ಶನಿವಾರ ಹನ್ನೊಂದು ಗಂಟೆಯ ಬಸ್ಸಿಗೆ ಬರುತ್ತೇನೆ. ಗೇಟಿಗೆ ಬಂದು ನನ್ನನ್ನು ಕಳಿಸಿದವರೆಲ್ಲ ಬಸ್ಸಿನ ಹತ್ತಿರ ಬಂದು ಕರೆದುಕೊಂಡು ಹೋಗಲಿ. ಒಬ್ಬರೂ ತಪ್ಪಿಸಿಕೊಳ್ಳಬಾರದು. ಹೋಗಿ ಹೇಳು.

ಚೂಟಿ


ಏಪ್ರಿಲ್ 9

ಚೂಟಿ,

ಏನಾಯಿತೇ? ಹುಷಾರಾಗಿದ್ದೀಯಾ? ನನ್ನ ಜೀವ ಹೋಗಿ ಬರುತ್ತಿದೆ.

ಮನೆ ಮನೆಗೆ ಹೋಗಿ ಹೇಳಿದೆ. ಬಂದರು. ಮೂವತ್ತನಾಲ್ಕು ಜನ, ನಾನೇ ಎಣಿಸಿದೆ. ಹೆಡ್ ಮೇಡಂ ಮಕ್ಕಳನ್ನು ಸಾಲಾಗಿ ಕರೆತಂದಿದ್ದರು. ಗಿರಣಿಯಮ್ಮ ಹೊಸ ಸ್ವೆಟರ್ ಹಾಕಿಕೊಂಡು ಎಲ್ಲರಿಗೂ ಎಲ್ಲೆಲ್ಲಿ ನಿಲ್ಲಬೇಕು ಅಂತ ಹೇಳುತ್ತಿದ್ದರು. ಅವತ್ತು ಕಾಯಿಲೆ ಬಿದ್ದ ಹುಡುಗಿಯರಲ್ಲಿ ಒಬ್ಬಳು ಈಗ ಗಿರಣಿಯ ಸೊಸೆ, ಅವಳೂ ಕಂಕುಳಲ್ಲಿ ಮಗು ಎತ್ತಿಕೊಂಡು ಬಂದಿದ್ದಳು. ನಿಮ್ಮಣ್ಣ ಒಂಬತ್ತು ಗಂಟೆಗೇ ಹೋಗಿ ದಿಕ್ಕಿಲ್ಲದವರ ಹಾಗೆ ರಸ್ತೆಬದಿ ನಿಂತಿದ್ದರು.

ಬಸ್ಸು ಬಂತು. ಕೋಳಿಮರಿ ಬುಟ್ಟಿ ಹಿಡಿದವನೊಬ್ಬ ಇಳಿದ, ಮಗು ಕರೆದುಕೊಂಡ ಹೆಂಗಸೊಬ್ಬಳು ಇಳಿದಳು. ಬಾಗಿಲು ಮುಚ್ಚಿ ಬಸ್ಸು ಹೋಯಿತು. ಎರಡರ ಬಸ್ಸಿಗೂ ಕಾದೆವು.

"ಇಷ್ಟು ಜನ ಬಂದ್ರೂ ಬರ್ಲಿಲ್ಲ ಅಂದ್ರೆ ಎಷ್ಟು ಜಂಬ ನೋಡು ಅವಳಿಗೆ" ಅಂದರು ಗಿರಣಿಯಮ್ಮ. ಮೂರು ಗಂಟೆ ಹೊತ್ತು ಸಾಕಾಯಿತು ಚೂಟಿ, ತಪ್ಪು ಮತ್ತೆ ನಿನ್ನದೇ ಆಗಲು! ನನಗೆ ಎಲ್ಲಿಂದ ಬಂತೋ ಧೈರ್ಯ. "ಮೊದಲು ನಿಮ್ಮ ಬಾಯಿ ತೊಳ್ಕೊಳ್ಳಿ" ಅಂದುಬಿಟ್ಟೆ. ಇನ್ನು ನಮಗೆ ಹಿಟ್ಟು ಬೀಸಿಕೊಡುತ್ತಾರೋ ಇಲ್ಲವೋ.

ನಿಮ್ಮಣ್ಣ ಸಂಜೆಯ ತನಕ ಅಲ್ಲೇ ಇದ್ದರು. ನಾನೂ ಹುಡುಗಿಯೂ ಹೋಗಿ ಕೈ ಹಿಡಿದು ಕರೆತಂದೆವು. ಹುಡುಗಿಗೆ ಎಲ್ಲ ಹೇಳಿದ್ದೇನೆ. ಅವಳು ಒಂದೇ ಪ್ರಶ್ನೆ ಕೇಳಿದಳು. "ಅತ್ತೆ ಹೋಗಿದ್ದು ನನಗೋಸ್ಕರ ಅಂದ್ರೆ, ಅವರಿಗೆ ನನ್ನ ಹೆಸರಾದ್ರೂ ಗೊತ್ತಾ?"

ಬರದಿದ್ದರೂ ಪರವಾಗಿಲ್ಲ. ಇದ್ದೀನಿ ಅಂತ ಬರೆ.

ಅತ್ತಿಗೆ


ಏಪ್ರಿಲ್ 13

ಅತ್ತಿಗೆ,

ಇದ್ದೇನೆ. ನಾನು ಆ ಬಸ್ಸಿನಲ್ಲೇ ಇದ್ದೆ.

ಬಲಗಡೆಯ ಮೂರನೇ ಸೀಟು, ಕಿಟಕಿಯ ಪಕ್ಕ. ತಿರುವಿನಲ್ಲೇ ನಿಮ್ಮೆಲ್ಲರನ್ನು ನೋಡಿದೆ. ಬ್ಯಾಗು ಎತ್ತಿಕೊಂಡು ಎದ್ದೂ ನಿಂತಿದ್ದೆ. ಆಗ ಗಿರಣಿಯಮ್ಮ ಕೈ ಬೀಸುತ್ತ ಎಲ್ಲರಿಗಿಂತ ಮುಂದೆ ನಿಂತದ್ದು ಕಂಡಿತು. ಅವತ್ತೂ ಅವರೇ ಮುಂದಿದ್ದರು, ಕೈ ಬೀಸಿದ್ದೂ ಹೀಗೇ. ಅವರ ಹಿಂದೆ ನಿಂತವರೂ ಅವತ್ತಿನವರೇ, ಅದೇ ಉತ್ಸಾಹ. ನಾನೇ ಕರೆಸಿದ ಜನ, ಅವರನ್ನು ನೋಡಿ ನಾನೇ ಸೀಟಿನ ಕೆಳಗೆ ಬಗ್ಗಿ ಕೂತೆ. ಕಂಡಕ್ಟರ್ "ಏನಮ್ಮ, ಏನಾದ್ರೂ ಬಿತ್ತಾ?" ಅಂತ ಕೇಳಿದ. ಕೊನೆಯ ನಿಲ್ದಾಣದ ತನಕ ಹೋಗಿ ಬೇರೆ ದಾರಿಯ ಬಸ್ಸು ಹಿಡಿದು ವಾಪಸು ಬಂದೆ.

ಬಗ್ಗುವ ಮುಂಚೆ ನಿನ್ನನ್ನೂ ನೋಡಿದೆ. ನೀನು ಗುಂಪಿನಲ್ಲಿರಲಿಲ್ಲ. ಟಿಕೆಟ್ ಕೋಣೆಯ ಗೋಡೆಗೆ ಒರಗಿ, ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತಿದ್ದೆ. ಕೂದಲೆಲ್ಲ ಬೆಳ್ಳಗಾಗಿದೆಯಲ್ಲೇ. ಅಷ್ಟು ಜನರಲ್ಲಿ ನಿನಗೊಬ್ಬಳಿಗೇ ಭಯವಾಗಿತ್ತು. ನನಗೆ ಆಗುತ್ತಿದ್ದಷ್ಟೇ ಭಯ. ಅದನ್ನು ನೋಡಿದ ಮೇಲೆ ಹಾಸ್ಟೆಲಿನಲ್ಲಿ ನನಗೆ ಕೆಲಸ ಓಡುತ್ತಿಲ್ಲ.

ಎರಡು ವಾರ ರಜೆ ಕೇಳಿದ್ದೇನೆ. ಆಮೇಲಿನದು ಆಮೇಲೆ. ಬುಧವಾರ ಬೆಳಿಗ್ಗೆ ಏಳರ ಬಸ್ಸಿಗೆ ಬಂದು ನೇರ ಶಾಲೆಯ ಅಡುಗೆಮನೆಗೆ ಬರುತ್ತೇನೆ. ನೀನು ಕಲಕುತ್ತಿರು, ನಾನು ಗಡಿಯಾರ ನೋಡುತ್ತೇನೆ. ಹುಡುಗಿಯ ಹೆಸರು ನನಗೆ ಅಣ್ಣ ಮೊದಲ ಸಲ ಬಂದಾಗಿನಿಂದ ಗೊತ್ತು, ಅದನ್ನು ಅವಳಿಗೆ ನಾನೇ ಹೇಳುತ್ತೇನೆ. ಊರಲ್ಲಿ ಯಾರಿಗೂ ಸುಳಿವು ಕೊಡಬೇಡ.

ಅಣ್ಣನಿಗೂ ಹೇಳಬೇಡ. ಇದೊಂದಾದರೂ ಅವನಿಗೆ ಎಲ್ಲರಿಗಿಂತ ಕೊನೆಗೆ ಗೊತ್ತಾಗಲಿ.

ನಿನ್ನ
ಚೂಟಿ